ಬ್ಲೂಗ್ರಾಸ್ ಸಂಗೀತವೂ ಶಾಲೆಯ ಮಕ್ಕಳೂ

ಜನರ ಬಾಯಲ್ಲಿ ಬಾಳಿದ ಹಾಡನ್ನು ಪಾಠಶಾಲೆಯ ಕರಿಹಲಗೆಯ ಮುಂದಕ್ಕೆ ತರುವುದು ಯಾವ ದೇಶದಲ್ಲಿಯೂ ಸುಲಭವಾದ ಕೆಲಸವಲ್ಲ. ಹೊಲದಲ್ಲಿಯೋ, ತೊಟ್ಟಿಲ ಬಳಿಯಲ್ಲಿಯೋ, ಮದುವೆಯ ಚಪ್ಪರದಲ್ಲಿಯೋ ಹುಟ್ಟಿದ ಹಾಡಿಗೆ ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳುವ ಅವಶ್ಯಕತೆ ಇರಲಿಲ್ಲ. ಪಠ್ಯಪುಸ್ತಕಕ್ಕಾದರೋ ಪ್ರತಿಯೊಂದಕ್ಕೂ ಒಂದು ಮೂಲ, ಒಂದು ಕಾಲ, ಒಂದು ಪ್ರಯೋಜನ ಬೇಕು. ಈ ಒತ್ತಾಯಕ್ಕೆ ಸಿಕ್ಕಿ, ಇಲ್ಲದ ವಂಶಾವಳಿಯನ್ನು ಹಾಡಿಗೆ ಕಟ್ಟಿಕೊಡುವುದೂ, ಇದ್ದ ವಂಶಾವಳಿಯನ್ನು ಮರೆಮಾಡುವುದೂ ನಡೆದುಬಂದಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಪಲೇಚಿಯನ್ ಬೆಟ್ಟಸೀಮೆಯ ಸಂಗೀತವೂ, ಅದರಿಂದ ಕವಲೊಡೆದ ಬ್ಲೂಗ್ರಾಸ್ ಎಂಬ ಪದ್ಧತಿಯೂ ಇದಕ್ಕೆ ತಕ್ಕ ನಿದರ್ಶನಗಳು. ಸುಮಾರು ನೂರು ವರ್ಷಗಳ ಅವಧಿಯಲ್ಲಿ ಅಲ್ಲಿನ ಮಕ್ಕಳಿಗೆ ಈ ಸಂಗೀತದ ವಿಷಯದಲ್ಲಿ ಎರಡು ಕಥೆಗಳನ್ನು ಹೇಳಿದ್ದಾರೆ. ಮೊದಲನೆಯದು ಸುಳ್ಳು. ಎರಡನೆಯದು ನಿಜವೇ ಆದರೂ, ಹೇಳುವ ರೀತಿಯಿಂದ ಅದಕ್ಕೂ ಅರ್ಧ ಸುಳ್ಳಿನ ಬಣ್ಣ ಬಂದಿದೆ. ಇಲ್ಲಿ ವಿಚಾರಾರ್ಹವಾದುದು ಮುಖ್ಯವಾಗಿ ಈ ಎರಡನೆಯ ಕಥೆ.

ಬ್ಲೂಗ್ರಾಸ್ ಎಂಬ ಹೆಸರು ಕನ್ನಡ ವಾಚಕರಲ್ಲಿ ಹಲವರಿಗೆ ಹೊಸದಾಗಿರಬಹುದು. ಪಿಟೀಲು, ಐದು ತಂತಿಯ ಬ್ಯಾಂಜೋ, ಮ್ಯಾಂಡೊಲಿನ್, ಗಿಟಾರ್, ನಿಂತು ನುಡಿಸುವ ದೊಡ್ಡ ಮಂದ್ರವಾದ್ಯ, ಇಷ್ಟು ತಂತಿವಾದ್ಯಗಳು ವಿದ್ಯುತ್ತಿನಿಂದ ಧ್ವನಿಯನ್ನು ಹಿಗ್ಗಿಸಿಕೊಳ್ಳದೆ, ಬಹು ದ್ರುತಗತಿಯಲ್ಲಿ, ಒಂದಾದ ಮೇಲೊಂದು ಮುಂದೆ ಬಂದು ತಮ್ಮ ಕೌಶಲವನ್ನು ತೋರಿಸಿ ಹಿಂದೆ ಸರಿಯುತ್ತವೆ; ಅವುಗಳ ಮೇಲೆ ತಾರಸ್ಥಾಯಿಯ ಹಾಡುಗಾರಿಕೆ ನಡೆಯುತ್ತದೆ. ಕೆಂಟಕಿ ಸಂಸ್ಥಾನದ ರೋಸೀನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಎಂಬವನು ತನ್ನ ಮೇಳಕ್ಕೆ 'ಬ್ಲೂ ಗ್ರಾಸ್ ಬಾಯ್ಸ್' ಎಂದು ಹೆಸರಿಟ್ಟುಕೊಂಡು 1939ರಲ್ಲಿ ನ್ಯಾಶ್‌ವಿಲ್ ನಗರದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೋ ಕಾರ್ಯಕ್ರಮವನ್ನು ಸೇರಿದನು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣನು ಮೂರು ಬೆರಳುಗಳ ಬ್ಯಾಂಜೋ ವಾದನವನ್ನು ಈ ಮೇಳಕ್ಕೆ ತಂದ ಮೇಲೆ ಅದರ ರೂಪ ನಿಶ್ಚಿತವಾಯಿತು. ಮೇಳದ ಹೆಸರು ಮುಂದೆ ಸಂಗೀತದ ಹೆಸರಾಯಿತು. ಹೀಗಿರಲು, ಬ್ಲೂಗ್ರಾಸನ್ನು ಅನಾದಿಯಾದ ಬೆಟ್ಟದ ಹಾಡೆಂದು ಮಕ್ಕಳಿಗೆ ಹೇಳುವುದೇ ಒಂದು ಪ್ರಮಾದ. ಮೈಕಿನ ಮುಂದೆ ನಿಂತು, ಜಾಹೀರಾತುಗಳ ನಡುವೆ ಹಾಡಿ, ಮೋಟಾರುಗಾಡಿಯಲ್ಲಿ ಊರೂರು ಸುತ್ತಿ ಹೊಟ್ಟೆ ಹೊರೆದ ವೃತ್ತಿಗಾಯಕರ ಕಲೆ ಅದು. ಅದರ ಅಡಿಪಾಯವಾದ ಜನಪದ ಸಂಗೀತ ಅದಕ್ಕಿಂತ ಬಹಳ ಹಳೆಯದು. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ.

ಮೊದಲನೆಯ ಕಥೆಯ ಸಾರಾಂಶವಿಷ್ಟು: ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ಹೋದ ಬಿಳಿಯ ವಲಸೆಗಾರರು ಬೆಟ್ಟಗಳ ಸಂದುಗಳಲ್ಲಿ ಲೋಕದ ಸಂಪರ್ಕವಿಲ್ಲದೆ ನೆಲಸಿ, ತಾತಮುತ್ತಾತಂದಿರ ಹಾಡುಗಳನ್ನು ಕೆಡದಂತೆ ಕಾಪಾಡಿಕೊಂಡು ಬಂದರು. ಈ ಕಥೆಗೆ ವಿದ್ವತ್ತಿನ ಮುದ್ರೆಯನ್ನೊತ್ತಿದವನು ಸೆಸಿಲ್ ಶಾರ್ಪ್ ಎಂಬ ಆಂಗ್ಲೇಯ. ತನ್ನ ದೇಶದ ಶಾಲೆಗಳಲ್ಲಿ ಜನಪದ ಗೀತಗಳನ್ನು ಕಲಿಸಬೇಕೆಂದು ಹೋರಾಡಿದ ಈತನು 1916ರಿಂದ 1918ರ ವರೆಗೆ ಮಾಡ್ ಕಾರ್ಪಲೀಸ್ ಎಂಬಾಕೆಯೊಡನೆ ಈ ಬೆಟ್ಟಗಳಲ್ಲಿ ತಿರುಗಿದನು. ಉಬ್ಬಸದ ರೋಗಿಯಾಗಿದ್ದರೂ ಹಳ್ಳದಿಣ್ಣೆಗಳನ್ನು ನಡೆದು ದಾಟಿ, 281 ಮಂದಿ ಹಾಡುಗಾರರಿಂದ 1,600ಕ್ಕೆ ಮೀರಿದ ಪಾಠಗಳನ್ನು ಬರೆದುಕೊಂಡನು. ಧಾಟಿಯನ್ನು ಅವನು ಗುರುತಿಸುವನು, ಮಾತುಗಳನ್ನು ಆಕೆ ಶೀಘ್ರಲಿಪಿಯಲ್ಲಿ ಬರೆಯುವಳು. ಅವನಿಗೆ ದಾರಿ ತೋರಿಸಿದವಳು ಅಲ್ಲಿ ಮೊದಲೇ ಹಾಡುಗಳನ್ನು ಕೂಡಿಸುತ್ತಿದ್ದ ಆಲಿವ್ ಡೇಮ್ ಕ್ಯಾಂಪ್‌ಬೆಲ್. ಈ ಶ್ರಮವನ್ನು ಹಗುರವಾಗಿ ಕಾಣಬಾರದು. ಆದರೆ ಶಾರ್ಪನು ಇಂಗ್ಲೆಂಡನ್ನು ಹುಡುಕಿಕೊಂಡು ಹೋದನು, ಇಂಗ್ಲೆಂಡನ್ನೇ ಕಂಡನು. 1917ರಲ್ಲಿ ಕ್ಯಾಂಪ್‌ಬೆಲ್ಲಳೊಡನೆ ಪ್ರಕಟಿಸಿದ ಸಂಕಲನದ ಹೆಸರಿನಲ್ಲಿಯೇ 'ಇಂಗ್ಲಿಷ್' ಎಂಬ ಮಾತು ಮೊದಲು ಬಂದು ಕುಳಿತಿದೆ. ಅದೇ ಬೆಟ್ಟಗಳಲ್ಲಿ ರೈಲುದಾರಿಗೆ ಸುರಂಗ ಕೊರೆದ, ಗಣಿಯಲ್ಲಿ ದುಡಿದ, ಪಿಟೀಲು ನುಡಿಸಿದ ಕರಿಯ ಜನರು ಅವನ ಪುಸ್ತಕದಲ್ಲಿ ಹೆಚ್ಚುಕಡಮೆ ಇಲ್ಲವೇ ಇಲ್ಲ. ಆ ನೆಲದ ಮೂಲನಿವಾಸಿಗಳಾದ ಚೆರೋಕೀ ಜನರಲ್ಲಿ ಬಹು ಭಾಗವನ್ನು 1838ರಲ್ಲಿ ಸೈನ್ಯಬಲದಿಂದ ಪಶ್ಚಿಮಕ್ಕೆ ಅಟ್ಟಿದ್ದರೆಂಬುದೂ ಈ ಕಥೆಗೆ ಬೇಕಾಗಿರಲಿಲ್ಲ.

ಶಾರ್ಪನದು ವಿದ್ವಾಂಸನ ಏಕಪಕ್ಷದೃಷ್ಟಿಯಾದರೆ, ಮೋಟಾರು ತಯಾರಕನಾದ ಹೆನ್ರಿ ಫೋರ್ಡನದು ಬೇರೊಂದು ಬಗೆ. ಜಾಝ್ ಸಂಗೀತದಿಂದ ದೇಶದ ಯುವಜನರು ಕೆಡುತ್ತಿದ್ದಾರೆಂದೂ, ಅದು ಯೆಹೂದ್ಯರ ಕುತಂತ್ರವೆಂದೂ ಅವನ ಪತ್ರಿಕೆ 1920ರ ದಶಕದ ಆರಂಭದಲ್ಲಿ ಬರೆಯಿತು. ಅದಕ್ಕೆ ಪ್ರತೀಕಾರವಾಗಿ ಹಳೆಯ ಕಾಲದ ಪಿಟೀಲು ವಾದನವನ್ನೂ ಚೌಕನೃತ್ಯವನ್ನೂ ಎತ್ತಿಹಿಡಿದು, 1926ರಲ್ಲಿ ನೃತ್ಯದ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ, ಅದನ್ನು ಶಾಲೆಗಳಲ್ಲಿ ಕಲಿಸುವಂತೆ ತನ್ನ ಹಣದ ಬಲವನ್ನು ಉಪಯೋಗಿಸಿದನು. ಇದರಲ್ಲಿರುವ ವಿಪರ್ಯಾಸವನ್ನು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ: ನೃತ್ಯದ ಹೆಜ್ಜೆಗಳನ್ನು ಪಕ್ಕದಲ್ಲಿ ನಿಂತು ಕೂಗಿ ಹೇಳುವ ಪದ್ಧತಿಯ ಅತ್ಯಂತ ಹಳೆಯ ಉಲ್ಲೇಖಗಳು ಕರಿಯ ವಾದಕರ ವಿಷಯವಾಗಿಯೇ ಇವೆ. ಶುದ್ಧ ಬಿಳಿಯ ಸಂಪ್ರದಾಯವೆಂದು ಫೋರ್ಡನು ಮಕ್ಕಳಿಗೆ ಕೊಡಿಸಿದ್ದರಲ್ಲಿ ಕರಿಯರ ಪಾಲು ಮೊದಲೇ ಸೇರಿತ್ತು. ಅದು ಅವನಿಗೆ ತಿಳಿಯಲಿಲ್ಲ.

ಈ ಮೊದಲನೆಯ ಕಥೆ ಈಗ ಬಹುಮಟ್ಟಿಗೆ ಸತ್ತಿದೆ. ಅದರ ಸ್ಥಾನದಲ್ಲಿ ಬಂದಿರುವುದು ಬಹುಸಂಸ್ಕೃತಿಯ ಕಥೆ. ಪಿಟೀಲು ಯುರೋಪಿನಿಂದ ಬಂತು, ಬ್ಯಾಂಜೋ ಆಫ್ರಿಕಾದಿಂದ ಬಂತು, ಮ್ಯಾಂಡೊಲಿನ್ ಇಟಲಿಯಿಂದ ಬಂತು, ಗಿಟಾರ್ ಸ್ಪೇನಿನಿಂದ ಬಂತು. ಎಲ್ಲವೂ ಬೆರೆತು ಬ್ಲೂಗ್ರಾಸ್ ಆಯಿತು. ಉಪಾಧ್ಯಾಯರು ಗೋಡೆಯ ಮೇಲೆ ಭೂಪಟವನ್ನು ತೂಗುಹಾಕಿ, ಪ್ರತಿಯೊಂದು ದೇಶದಿಂದ ಒಂದು ಬಣ್ಣದ ಗೆರೆಯನ್ನೆಳೆದು ಬೆಟ್ಟಸೀಮೆಯಲ್ಲಿ ಕೂಡಿಸುತ್ತಾರೆ. ಮಕ್ಕಳಿಗೆ ಇದು ಇಷ್ಟವಾಗುತ್ತದೆ. ಹೇಳಿದ ಸಂಗತಿಗಳೂ ನಿಜ. ಆದರೂ ಈ ಚಿತ್ರದಲ್ಲಿ ಒಂದು ದೊಡ್ಡ ಕೊರತೆಯುಂಟು. ಸಂಗಮವೆಂದರೆ ನದಿಗಳು ತಾವಾಗಿ ಇಳಿಜಾರನ್ನು ಹಿಡಿದು ಹರಿದುಬಂದು ಸೇರುವುದು. ಆಫ್ರಿಕಾದ ಜನ ಹಾಗೆ ಹರಿದು ಬಂದವರಲ್ಲ. ಅವರನ್ನು ಹಡಗಿನ ಒಡಲಲ್ಲಿ ಸರಪಣಿಯಿಂದ ಬಿಗಿದು ತಂದರು. ಹಸಿವಿನಿಂದಲೋ ಭೂಮಿಯ ಆಸೆಯಿಂದಲೋ ಹಡಗು ಹತ್ತಿದ ಐರಿಷ್ ಅಥವಾ ಸ್ಕಾಟ್ ರೈತನ ಗೆರೆಯನ್ನೂ, ಮಾರಾಟವಾಗಿ ಬಂದವನ ಗೆರೆಯನ್ನೂ ಒಂದೇ ದಪ್ಪದ ಬಣ್ಣದ ಕಡ್ಡಿಯಿಂದ ಎಳೆದರೆ ಭೂಪಟ ಅಂದವಾಗುತ್ತದೆ, ಇತಿಹಾಸ ಅಳಿಸಿಹೋಗುತ್ತದೆ. ಇನ್ನು ಕೆಲವರು ಹೇಳುವ ಅಡಿಗೆಯ ಉಪಮಾನವಂತೂ ಇನ್ನೂ ಸಪ್ಪೆ. ಚಿತ್ರಾನ್ನಕ್ಕೆ ಸಾಸಿವೆ ಹಾಕಿದವರು ಯಾರೆಂದು ಕೇಳುವ ಅವಶ್ಯಕತೆಯಿಲ್ಲ; ಸಂಗೀತದಲ್ಲಿ ಅದೇ ಮುಖ್ಯವಾದ ಪ್ರಶ್ನೆ.

ಬ್ಯಾಂಜೋವಿನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ ಪ್ರದೇಶಗಳಲ್ಲಿ ಜೋಲಾ ಜನರು ನುಡಿಸುವ ಅಕೊಂಟಿಂಗ್ ಎಂಬ ವಾದ್ಯವುಂಟು. ಸೋರೆಬುರುಡೆಗೆ ತೊಗಲನ್ನು ಬಿಗಿದು, ಅದರೊಳಗೆ ಉದ್ದನೆಯ ಕೋಲೊಂದನ್ನು ತೂರಿಸಿ, ಮೂರು ತಂತಿಗಳನ್ನು ಕಟ್ಟುತ್ತಾರೆ. ಆ ಮೂರರಲ್ಲಿ ಒಂದು ಗಿಡ್ಡತಂತಿ. ಅದನ್ನು ಹೆಬ್ಬೆರಳಿಗೇ ಮೀಸಲಾಗಿಟ್ಟು, ನಮ್ಮ ಶ್ರುತಿತಂತಿಯ ಹಾಗೆ ಒಂದೇ ಸ್ವರದಲ್ಲಿ ಮಿಡಿಯುತ್ತಾರೆ. ಬೆರಳಿನ ಉಗುರು ಕೆಳಮುಖವಾಗಿ ತಂತಿಯನ್ನು ಹೊಡೆಯುವುದು, ಹೆಬ್ಬೆರಳು ಗಿಡ್ಡತಂತಿಯನ್ನು ಹಿಡಿದು ಬಿಡುವುದು, ಇದು ಅದರ ಕ್ರಮ. ಅಪಲೇಚಿಯನ್ ಬೆಟ್ಟಗಳ ಹಳೆಯ ಬ್ಯಾಂಜೋ ವಾದಕರ ಕೈಯೂ ಹಾಗೆಯೇ ಆಡುತ್ತದೆ. ಬ್ಯಾಂಜೋವಿನ ಐದನೆಯ ತಂತಿ ದಂಡಿಯ ನಡುವೆಯೇ ಹುಟ್ಟಿ ಗಿಡ್ಡವಾಗಿ ನಿಂತಿರುವುದೂ ಇದೇ ಕಾರಣದಿಂದ. ಗ್ಯಾಂಬಿಯಾದ ವಿದ್ವಾಂಸ ಡೇನಿಯಲ್ ಜಟ್ಟಾ ಎಂಬವರು ತಮ್ಮ ಜನರ ಈ ವಾದ್ಯವನ್ನು ಹೊರಗಿನವರಿಗೆ ಪರಿಚಯ ಮಾಡಿಕೊಡುವ ವರೆಗೆ ಬ್ಯಾಂಜೋ ಪಂಡಿತರಲ್ಲಿ ಬಹುಮಂದಿಗೆ ಅದು ಇರುವ ಸುದ್ದಿಯೇ ತಿಳಿದಿರಲಿಲ್ಲ. ಅಕೊಂಟಿಂಗ್ ಒಂದೇ ಬ್ಯಾಂಜೋವಿನ ತಾಯಿಯೆಂದು ಹೇಳುವುದು ಸಲ್ಲದು. ನ್ಗೋನಿ, ಶಾಲಮ್ ಮೊದಲಾದ ಬಂಧುಗಳೂ ಇವೆ. ಬೇರೆ ಬೇರೆ ಜನಾಂಗದ ಸೆರೆಯಾಳುಗಳು ವೆಸ್ಟ್ ಇಂಡೀಸ್ ದ್ವೀಪಗಳ ತೋಟಗಳಲ್ಲಿ ಒಟ್ಟುಗೂಡಿದಾಗ ನೆನಪಿನಿಂದ ಕಟ್ಟಿಕೊಂಡ ಹೊಸ ವಾದ್ಯ ಬ್ಯಾಂಜೋ. 1687ರಲ್ಲಿ ಜಮೈಕಾಕ್ಕೆ ಹೋದ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನು ಅಂತಹ ವಾದ್ಯಗಳನ್ನು ನೋಡಿ, 1707ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಿತ್ರವನ್ನೂ ಕೊಟ್ಟಿದ್ದಾನೆ. ತಾನೇ ನೂರಾರು ಗುಲಾಮರ ಒಡೆಯನೂ ಪಿಟೀಲು ವಾದಕನೂ ಆಗಿದ್ದ ಥಾಮಸ್ ಜೆಫರ್ಸನ್ನನು ವರ್ಜೀನಿಯಾವನ್ನು ಕುರಿತ ತನ್ನ ಪುಸ್ತಕದಲ್ಲಿ, ಇದು ಆ ಜನರು ಆಫ್ರಿಕಾದಿಂದ ತಂದ ವಾದ್ಯವೆಂದು ಯಾವ ಸಂದೇಹವೂ ಇಲ್ಲದೆ ಬರೆದಿದ್ದಾನೆ. ಅವನ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ನೂರೈವತ್ತು ವರ್ಷಗಳಲ್ಲಿ ಹೇಗೆ ಮರೆತುಹೋಯಿತು? ಇದನ್ನು ಕೇಳದೆ 'ಬ್ಯಾಂಜೋ ಆಫ್ರಿಕಾದಿಂದ ಬಂತು' ಎಂದಷ್ಟೇ ಹೇಳುವ ಪಾಠ ಅಪೂರ್ಣ.

ಮರೆವಿಗೆ ಕಾರಣ ರಂಗಸ್ಥಳ. 1830ರ ದಶಕದಲ್ಲಿ ವರ್ಜೀನಿಯಾದ ಜೋಯಲ್ ಸ್ವೀನಿ ಎಂಬ ಬಿಳಿಯನು ಕರಿಯರಿಂದ ಬ್ಯಾಂಜೋ ಕಲಿತು ವೇದಿಕೆಯ ಮೇಲೆ ನುಡಿಸಿದನು. 1843ರಲ್ಲಿ ನ್ಯೂಯಾರ್ಕಿನಲ್ಲಿ 'ವರ್ಜೀನಿಯಾ ಮಿನ್‌ಸ್ಟ್ರೆಲ್ಸ್' ಎಂಬ ನಾಲ್ವರ ಮೇಳ ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಗುಲಾಮರ ನಡೆನುಡಿಗಳನ್ನು ಅಣಕಿಸುತ್ತ, ಬ್ಯಾಂಜೋ ಪಿಟೀಲುಗಳನ್ನು ಜೊತೆಗೂಡಿಸಿ ಆಟವನ್ನು ಕಟ್ಟಿತು. ಜನ ಮುಗಿಬಿದ್ದು ನೋಡಿದರು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ದೇಶದ ಅತ್ಯಂತ ಜನಪ್ರಿಯವಾದ ವಿನೋದ ಇದೇ ಆಗಿತ್ತು. ಬ್ಯಾಂಜೋ ಕಾರ್ಖಾನೆಯ ಸರಕಾಯಿತು, ಸೋರೆಬುರುಡೆ ಹೋಗಿ ಮರದ ಬಳೆ ಬಂತು. ತಮ್ಮ ವಾದ್ಯವೇ ತಮ್ಮ ಅವಮಾನದ ಲಾಂಛನವಾಗಿ ಪರಿಣಮಿಸಿದ್ದರಿಂದ ಕರಿಯರಲ್ಲಿ ಅನೇಕರು ಕ್ರಮೇಣ ಅದನ್ನು ಕೈಬಿಟ್ಟುದರಲ್ಲಿ ಆಶ್ಚರ್ಯವಿಲ್ಲ. ಕೈಬಿಡುವುದಕ್ಕೆ ಬೇರೆ ಕಾರಣಗಳೂ ಇದ್ದವು, ಗಿಟಾರಿನ ಆಕರ್ಷಣೆ ಅವುಗಳಲ್ಲಿ ಒಂದು.

ಇಲ್ಲಿ ಶಾಲೆಯ ಹೊಣೆ ನೇರವಾಗಿದೆ. ಏಕೆಂದರೆ ಅಮೆರಿಕೆಯ ಪ್ರಾಥಮಿಕ ಶಾಲೆಗಳಲ್ಲಿ ತಲೆಮಾರುಗಳಿಂದ ಮಕ್ಕಳ ಗೀತವೆಂದು ಹಾಡಿಸುತ್ತ ಬಂದ ಹಾಡುಗಳಲ್ಲಿ ಕೆಲವು ಈ ಮಸಿಮುಖದ ಆಟದಿಂದಲೇ ಇಳಿದುಬಂದವು. ಸ್ಟೀಫನ್ ಫಾಸ್ಟರನು 1848ರಲ್ಲಿ ಪ್ರಕಟಿಸಿದ 'ಓ ಸುಸಾನಾ' ಅಂತಹದು. ಈಗ ಯಾರೂ ಹಾಡದ ಅದರ ಎರಡನೆಯ ಪದ್ಯದಲ್ಲಿ ಕರಿಯರ ಸಾವನ್ನು ನಗೆಯ ವಸ್ತುವಾಗಿ ಮಾಡಿದ್ದಾನೆ. 'ಟರ್ಕಿ ಇನ್ ದ ಸ್ಟ್ರಾ' ಎಂಬ ಉಲ್ಲಾಸದ ಧಾಟಿಯನ್ನು 1830ರ ದಶಕದಲ್ಲಿ ಪಟ್ಟಣದ ಕರಿಯನನ್ನು ಹೀಯಾಳಿಸುವ ಹಾಡಿಗೆ ಕಟ್ಟಿದ್ದರು. ಪುಸ್ತಕ ಸಂಪಾದಕರು ಮಾಡಿದ್ದು ಇಷ್ಟೇ: ಕೆಟ್ಟ ಪದ್ಯವನ್ನು ಕಿತ್ತುಹಾಕಿ, ಉಚ್ಚಾರಣೆಯನ್ನು ತಿದ್ದಿ, 'ಸಾಂಪ್ರದಾಯಿಕ' ಎಂಬ ಚೀಟಿಯನ್ನು ಅಂಟಿಸಿದರು. ಮಕ್ಕಳ ಬಾಯಿಗೆ ಹೊಲಸು ಮಾತು ಬಾರದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹಾಡನ್ನು ತೊಳೆದು ಇಟ್ಟುಕೊಂಡು, ತೊಳೆದ ಸಂಗತಿಯನ್ನು ಉಪಾಧ್ಯಾಯರಿಗೂ ಹೇಳದೆ ಹೋದುದು ಸಂಪಾದಕಧರ್ಮವಲ್ಲ. ಎಂಟು ವರ್ಷದ ಹುಡುಗನಿಗೆ ಆ ಪದ್ಯವನ್ನು ಓದಿ ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಅದಕ್ಕೆ ಬದಲಾಗಿ ಬೇರೊಂದು ಹಾಡನ್ನು ಆರಿಸಬಹುದು, ಜನಪದದಲ್ಲಿ ಹಾಡುಗಳಿಗೆ ಬರವಿಲ್ಲ. ಹದಿನಾಲ್ಕು ವರ್ಷದವರಿಗಾದರೆ ಅದನ್ನೇ ಎದುರಿಗಿಟ್ಟು, ಇಷ್ಟು ಸೊಗಸಾದ ಧಾಟಿಯಲ್ಲಿ ಇಷ್ಟು ಕ್ರೂರವಾದ ಮಾತು ಹೇಗೆ ಕುಳಿತುಕೊಂಡಿತೆಂದು ವಿಚಾರ ಮಾಡಿಸುವುದು ಸಾಧ್ಯ. ಎರಡನ್ನೂ ಬಿಟ್ಟು ನಡುವಣ ಮೌನವನ್ನು ಆರಿಸಿಕೊಂಡ ಪುಸ್ತಕಗಳೇ ಹೆಚ್ಚು.

ಬಹುಸಂಸ್ಕೃತಿಯ ಕಥೆಯ ಇನ್ನೊಂದು ದೋಷವೆಂದರೆ ಅದರಲ್ಲಿ ದೇಶಗಳಿವೆ, ಖಂಡಗಳಿವೆ, ಮನುಷ್ಯರಿಲ್ಲ. 'ಆಫ್ರಿಕಾದ ಪ್ರಭಾವ' ಎಂಬ ಮಾತು ಮಗುವಿನ ಕಿವಿಗೆ ಗಾಳಿಯ ಹಾಗೆ, ಮಳೆಯ ಹಾಗೆ ಕೇಳುತ್ತದೆ. ಬಿಲ್ ಮನ್ರೋವಿನ ಚರಿತ್ರೆಯಲ್ಲಿ ಈ ಪ್ರಭಾವಕ್ಕೆ ಒಂದು ಹೆಸರುಂಟು: ಆರ್ನಲ್ಡ್ ಶುಲ್ಟ್ಸ್. 1886ರಲ್ಲಿ ಹುಟ್ಟಿ ಕೆಂಟಕಿಯ ಕಲ್ಲಿದ್ದಲ ಗಣಿಗಳಲ್ಲಿ ದುಡಿದು 1931ರಲ್ಲಿ ತೀರಿಕೊಂಡ ಈ ಕರಿಯ ವಾದಕ ಗಿಟಾರಿನಲ್ಲಿಯೂ ಪಿಟೀಲಿನಲ್ಲಿಯೂ ನಿಪುಣನಾಗಿದ್ದನು. ನೃತ್ಯಕೂಟಗಳಲ್ಲಿ ಇವನ ಪಿಟೀಲಿಗೆ ಬಾಲಕ ಮನ್ರೋ ಗಿಟಾರಿನಲ್ಲಿ ಪಕ್ಕವಾದ್ಯ ನುಡಿಸುತ್ತಿದ್ದನು. ತನ್ನ ಸಂಗೀತದಲ್ಲಿರುವ ಬ್ಲೂಸ್ ಛಾಯೆಗೆ ಶುಲ್ಟ್ಸನೇ ಕಾರಣನೆಂಬ ಋಣವನ್ನು ಮನ್ರೋ ಕೊನೆಯವರೆಗೂ ಒಪ್ಪಿಕೊಂಡನು. ಶುಲ್ಟ್ಸನ ವಾದನದ ಒಂದು ಮುದ್ರಿಕೆಯೂ ಇಲ್ಲ. ಮನ್ರೋವಿನ ಸೋದರಮಾವ ಪೆನ್ ವ್ಯಾಂಡಿವರನೂ ಒಬ್ಬ ಪಿಟೀಲುಗಾರನೇ. ಅವನ ಮೇಲೆ ಅಳಿಯ ಕಟ್ಟಿದ ಹಾಡು ಪ್ರಸಿದ್ಧವಾಗಿ, ಅವನು ಬ್ಲೂಗ್ರಾಸ್ ಲೋಕದಲ್ಲಿ ಮನೆಮಾತಾದನು. ಇಬ್ಬರು ಗುರುಗಳಲ್ಲಿ ಒಬ್ಬನು ಹಾಡಾದನು, ಇನ್ನೊಬ್ಬನು ಅಡಿಟಿಪ್ಪಣಿಯಾದನು.

ಲೆಸ್ಲಿ ರಿಡಲ್ಲನದೂ ಇಂತಹದೇ ಕಥೆ. 1927ರ ಬೇಸಗೆಯಲ್ಲಿ ಟೆನ್ನೆಸೀ ಮತ್ತು ವರ್ಜೀನಿಯಾಗಳ ಗಡಿಯ ಮೇಲಿರುವ ಬ್ರಿಸ್ಟಲ್ ಊರಿನಲ್ಲಿ ರಾಲ್ಫ್ ಪಿಯರ್ ಎಂಬವನು ಗ್ರಾಮಫೋನು ತಟ್ಟೆಗಳಿಗಾಗಿ ಹಾಡುಗಾರರನ್ನು ಕರೆಸಿದಾಗ ಕಾರ್ಟರ್ ಕುಟುಂಬ ಬೆಳಕಿಗೆ ಬಂತು. ಹೊಸ ಹಾಡುಗಳು ಬೇಕಾಗಿ ಎ. ಪಿ. ಕಾರ್ಟರನು ಊರೂರು ಅಲೆಯತೊಡಗಿದಾಗ ಅವನ ಜೊತೆಗಾರನಾದವನು ಈ ಕರಿಯ ಗಿಟಾರುಗಾರ. ಕಾರ್ಟರನು ಮಾತುಗಳನ್ನು ಬರೆದುಕೊಳ್ಳುವನು; ರಿಡಲ್ಲನು ಧಾಟಿಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಂದು ಮನೆಯವರಿಗೆ ಕಲಿಸುವನು. ಶಾರ್ಪನೂ ಕಾರ್ಪಲೀಸಳೂ ಹಂಚಿಕೊಂಡ ಕೆಲಸವನ್ನೇ ಇವರೂ ಹಂಚಿಕೊಂಡರು. ಆದರೆ ಇಲ್ಲಿ ಧಾಟಿ ಹಿಡಿದವನ ಹೆಸರು ತಟ್ಟೆಯ ಮೇಲೆ ಬರಲಿಲ್ಲ. ತಟ್ಟೆ ಮಾರುವವರು ಕರಿಯರ ಸಂಗೀತಕ್ಕೆ ಒಂದು ಪಟ್ಟಿ, ಬಿಳಿಯ ಹಳ್ಳಿಗರ ಸಂಗೀತಕ್ಕೆ ಇನ್ನೊಂದು ಪಟ್ಟಿ ಎಂದು ಗೆರೆ ಕೊಯ್ದಿದ್ದರು. ಪಿಟೀಲು ಬ್ಯಾಂಜೋ ನುಡಿಸುವ ಕರಿಯರ ಮೇಳ ಈ ಪಟ್ಟಿಗಳಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. ಆದಕಾರಣ ಅಂತಹ ಮೇಳಗಳ ಮುದ್ರಿಕೆಗಳು ಬಹಳ ಕಡಮೆ. ಮುಂದಿನ ತಲೆಮಾರು ಮುದ್ರಿಕೆಗಳನ್ನೇ ಪ್ರಮಾಣವಾಗಿಟ್ಟುಕೊಂಡು, ಕರಿಯರು ಈ ಸಂಗೀತವನ್ನು ನುಡಿಸುತ್ತಲೇ ಇರಲಿಲ್ಲವೆಂದು ತೀರ್ಮಾನಿಸಿತು. ವ್ಯಾಪಾರದ ಅನುಕೂಲಕ್ಕಾಗಿ ಮಾಡಿದ ವಿಂಗಡಣೆ ಇತಿಹಾಸದ ಸಾಕ್ಷಿಯಾಗಿ ಮಾರ್ಪಟ್ಟುದು ಹೀಗೆ. ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ; ಅಂಗಡಿಯ ಎರಡು ಕಪಾಟುಗಳನ್ನು ತೋರಿಸಿದರೆ ಸಾಕು.

ಇದಕ್ಕೆ ವಿರುದ್ಧವಾದ ಅತಿರೇಕವನ್ನೂ ಗಮನಿಸಬೇಕು. ಎಲ್ಲವೂ ಆಫ್ರಿಕಾದ್ದೇ, ಬಿಳಿಯರದು ಬರಿಯ ಕಳ್ಳತನ ಎಂಬ ಮಾತು ಕೆಲವರ ಬಾಯಲ್ಲಿ ಬರುತ್ತಿದೆ. ಅಜ್ಜಿಯಿಂದ ಹಳೆಯ ಸ್ಕಾಟಿಷ್ ಕಥನಗೀತವನ್ನು ಕಲಿತ ಬೆಟ್ಟದ ಬಡ ಹುಡುಗಿಯನ್ನು ತರಗತಿಯಲ್ಲಿ ಅಪರಾಧಿಯಂತೆ ನಿಲ್ಲಿಸುವುದು ಸತ್ಯವೂ ಅಲ್ಲ, ಶಿಕ್ಷಣವೂ ಅಲ್ಲ. ಅಲ್ಲದೆ ಪಿಟೀಲು ಬಿಳಿಯರದು, ಬ್ಯಾಂಜೋ ಕರಿಯರದು ಎಂಬ ಹಂಚಿಕೆಯೇ ಸರಿಯಲ್ಲ. ಹದಿನೆಂಟನೆಯ ಶತಮಾನದ ವರ್ಜೀನಿಯಾದ ಪತ್ರಿಕೆಗಳಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದುಕೊಡಬೇಕೆಂದು ಒಡೆಯರು ಹಾಕಿಸಿದ ಪ್ರಕಟಣೆಗಳುಂಟು. ಅವುಗಳಲ್ಲಿ ಮೈಮೇಲಿನ ಗಾಯದ ಗುರುತುಗಳ ಜೊತೆಗೆ, ಇವನು ಪಿಟೀಲು ನುಡಿಸಬಲ್ಲನೆಂಬ ಗುರುತೂ ಮತ್ತೆ ಮತ್ತೆ ಬರುತ್ತದೆ. ಒಡೆಯರ ನೃತ್ಯಕೂಟಗಳಿಗೆ ಸ್ಕಾಟಿಷ್ ಧಾಟಿಗಳನ್ನು ನುಡಿಸಿದವರಲ್ಲಿ ಬಹುಮಂದಿ ಇಂತಹವರೇ. ಬಿಲ್ಲಿನ ಲಯ ಅವರ ಕೈಯಲ್ಲಿ ಬದಲಾಯಿತು, ಬದಲಾದುದನ್ನು ಬಿಳಿಯರು ಕಲಿತರು. ಅದೇ ಪಿಟೀಲು 19ನೆಯ ಶತಮಾನದ ಆರಂಭಕಾಲದಲ್ಲಿ ದಕ್ಷಿಣ ಭಾರತದಲ್ಲಿ ಬಾಲಸ್ವಾಮಿ ದೀಕ್ಷಿತರ ಕೈ ಸೇರಿ, ಮುಂದೆ ಮೈಸೂರಿನ ಚೌಡಯ್ಯನವರಲ್ಲಿ ಏಳು ತಂತಿಗಳನ್ನು ಪಡೆದುಕೊಂಡು ಕರ್ಣಾಟಕ ಸಂಗೀತಕ್ಕೆ ತನ್ನದೇ ಆಯಿತು. ವಾದ್ಯಕ್ಕೆ ಜಾತಿಯಿಲ್ಲ, ಅದನ್ನು ಯಾವ ಸ್ಥಿತಿಯಲ್ಲಿದ್ದ ಮನುಷ್ಯ ಕೈಗೆತ್ತಿಕೊಂಡನೆಂಬುದಕ್ಕೆ ಚರಿತ್ರೆಯುಂಟು.

ಮಿಕ್ಕ ಎಳೆಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮ್ಯಾಂಡೊಲಿನ್ ಇಟಲಿಯದಾದರೂ ಮನ್ರೋ ನುಡಿಸಿದ್ದು ಮಿಚಿಗನ್ ಸಂಸ್ಥಾನದ ಗಿಬ್ಸನ್ ಕಾರ್ಖಾನೆಯಲ್ಲಿ 1923ರಲ್ಲಿ ತಯಾರಾದುದು. ತೊಡೆಯ ಮೇಲೆ ಮಲಗಿಸಿ ಉಕ್ಕಿನ ಸಲಾಕೆಯನ್ನು ಜಾರಿಸಿ ನುಡಿಸುವ ಡೋಬ್ರೋ ಗಿಟಾರ್ ಸ್ಲೊವಾಕಿಯಾದಿಂದ ಬಂದ ಡೋಪ್ಯೇರಾ ಸಹೋದರರ ಕೃತಿ. ಜಾರಿಸುವ ವಿದ್ಯೆ ಹವಾಯಿ ದ್ವೀಪದ್ದು. ಅದೇ ಹವಾಯಿ ವಿದ್ಯೆ ಭಾರತಕ್ಕೂ ಬಂದು ವಿಶ್ವಮೋಹನ ಭಟ್ಟರ ಮೋಹನವೀಣೆಯಾಯಿತು. ಬ್ಲೂಗ್ರಾಸಿನ ಪ್ರಸಿದ್ಧ ಡೋಬ್ರೋ ವಾದಕ ಜೆರ್ರಿ ಡಗ್ಲಸ್ ಅವರೊಡನೆ ಭಟ್ಟರು ಕೂಡಿ ನುಡಿಸಿದ ಮುದ್ರಿ​ಕೆಯೂ ಉಂಟು. ಇವು ಭೂಪಟದ ಪಾಠಕ್ಕೆ ತಕ್ಕವು, ಅಲ್ಲಿ ಹೇಳಲಿ.

ಈಗ ಕಲಿಸುವವರ ಕಷ್ಟವನ್ನೂ ನೋಡಬೇಕು. 2021ರಲ್ಲಿ ಟೆನ್ನೆಸೀ ಶಾಸನಸಭೆ ಜನಾಂಗಭೇದದ ವಿಷಯವನ್ನು ಶಾಲೆಯಲ್ಲಿ ಯಾವ ರೀತಿ ಹೇಳಬಾರದೆಂಬುದಕ್ಕೆ ಕಾನೂನು ಮಾಡಿತು. ಬೇರೆ ಕೆಲವು ಸಂಸ್ಥಾನಗಳೂ ಹಾಗೆಯೇ ಮಾಡಿದವು. ಬ್ರಿಸ್ಟಲ್ಲೂ ನ್ಯಾಶ್‌ವಿಲ್ಲೂ ಇರುವ ಸಂಸ್ಥಾನ ಅದು. ಇತಿಹಾಸವನ್ನು ಹೇಳಬಾರದೆಂದು ಆ ಕಾನೂನಿನಲ್ಲಿಲ್ಲ. ಆದರೂ ಎಲ್ಲಿ ಗೆರೆ ದಾಟಿದಂತಾಗುವುದೋ ಎಂಬ ಭಯ ಉಪಾಧ್ಯಾಯರಿಗೆ ಸಹಜ. ಭಯಪಟ್ಟವರಿಗೆ ಬಣ್ಣದ ಗೆರೆಗಳ ಭೂಪಟ ಒಂದು ಆಶ್ರಯ. ಯಾರಿಗೂ ನೋವಾಗದ ಪಾಠವದು. ತರಗತಿಯಲ್ಲಿ ಕುಳಿತ ಕರಿಯ ಹುಡುಗನೊಬ್ಬನು ಬ್ಯಾಂಜೋವನ್ನು ಎತ್ತಿಕೊಂಡಾಗ 'ಇದು ನಮ್ಮದಲ್ಲ' ಎಂದು ಅವನ ಗೆಳೆಯರೇ ನಗುವರೆಂಬುದೂ, ಆ ನಗೆಗೆ ನೂರೆಂಬತ್ತು ವರ್ಷಗಳ ಕಾರಣವಿದೆಯೆಂಬುದೂ ಆ ಪಾಠದಲ್ಲಿ ಬರುವುದಿಲ್ಲ.

ಆದರೂ ಒಳ್ಳೆಯ ಕೆಲಸಗಳು ನಡೆದಿಲ್ಲವೆಂದಲ್ಲ. ಉತ್ತರ ಕ್ಯಾರೊಲೈನಾದ ಆಲಿಗೇನಿ ಜಿಲ್ಲೆಯಲ್ಲಿ 2000ದಲ್ಲಿ ಆರಂಭವಾದ 'ಜೂನಿಯರ್ ಅಪಲೇಚಿಯನ್ ಮ್ಯುಸಿಷಿಯನ್ಸ್' ಎಂಬ ವ್ಯವಸ್ಥೆ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಿಟೀಲು, ಬ್ಯಾಂಜೋ, ಗಿಟಾರುಗಳನ್ನು ಕಿವಿಯಿಂದಲೇ ಕಲಿಸುತ್ತ ಅನೇಕ ಊರುಗಳಿಗೆ ಹಬ್ಬಿದೆ. ಬ್ಲೂಗ್ರಾಸ್ ಸಂಗೀತದ ಅಂತರರಾಷ್ಟ್ರೀಯ ಸಂಘದ ಪ್ರತಿಷ್ಠಾನ 2020ರಲ್ಲಿ ಕರಿಯ ಕಲಾವಿದರ ಮತ್ತು ವಿದ್ಯಾರ್ಥಿಗಳ ಸಹಾಯಾರ್ಥವಾಗಿ ಶುಲ್ಟ್ಸನ ಹೆಸರಿನಲ್ಲಿಯೇ ನಿಧಿಯೊಂದನ್ನು ಸ್ಥಾಪಿಸಿತು. ಇವೆಲ್ಲಕ್ಕೂ ಮೊದಲು, 2005ರಲ್ಲಿ ಉತ್ತರ ಕ್ಯಾರೊಲೈನಾದ ಬೂನ್ ಊರಿನಲ್ಲಿ ಕರಿಯ ಬ್ಯಾಂಜೋ ವಾದಕರ ಸಮ್ಮೇಳನವೊಂದು ನಡೆಯಿತು. ಅಲ್ಲಿ ಸಂಧಿಸಿದ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಎಂಬ ತರುಣರು, ಎಂಬತ್ತನ್ನು ಮೀರಿದ್ದ ಜೋ ಥಾಂಪ್ಸನ್ ಎಂಬ ಪಿಟೀಲುಗಾರನ ಮನೆಗೆ ವಾರವಾರವೂ ಹೋಗಿ ಕುಳಿತು ಕಲಿತರು. ತಂದೆಯಿಂದ ಮಗನಿಗೆ ಬಂದ ಕರಿಯರ ಪಿಟೀಲು ಸಂಪ್ರದಾಯಕ್ಕೆ ಉಳಿದಿದ್ದ ಕೆಲವೇ ಕೊಂಡಿಗಳಲ್ಲಿ ಆತನೊಬ್ಬನು, 2012ರಲ್ಲಿ ತೀರಿಕೊಂಡನು. ಅವರು ಕಟ್ಟಿದ 'ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್' ಮೇಳ ಮುಂದೆ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಗಿಡೆನ್ಸ್ 2022ರಲ್ಲಿ ಎಳೆಯ ಮಕ್ಕಳಿಗಾಗಿ 'ಬಿಲ್ಡ್ ಎ ಹೌಸ್' ಎಂಬ ಚಿತ್ರಪುಸ್ತಕವನ್ನು ಹೊರತಂದರು. ದೂರದಿಂದ ತಂದ ಜನರಿಂದ ಮನೆ ಕಟ್ಟಿಸಿಕೊಂಡು, ಕಟ್ಟಿದ ಮೇಲೆ ಹೊರಟುಹೋಗೆಂದ ಕಥೆ ಅದರ ವಸ್ತು. ಅದರಲ್ಲಿ ಸಂಸ್ಕೃತಿಗಳ ಪಟ್ಟಿಯಿಲ್ಲ, ಭೂಪಟವಿಲ್ಲ; ಒಂದು ಕುಟುಂಬವಿದೆ, ಅವರ ಹಾಡಿದೆ. ಐದು ವರ್ಷದವರಿಗೆ ಇಂತಹ ವಿಷಯ ಹೇಳಲಾಗದೆಂಬ ಆಕ್ಷೇಪಕ್ಕೆ ಆ ಪುಸ್ತಕವೇ ಸಮಾಧಾನ.

ಮಕ್ಕಳ ಹಾಡಿನ ಪುಸ್ತಕಗಳಲ್ಲಿ ಅತ್ಯುತ್ತಮವೆಂದು ಅನೇಕರು ಎಣಿಸುವುದು ರೂತ್ ಕ್ರಾಫರ್ಡ್ ಸೀಗರ್ ಎಂಬಾಕೆ 1948ರಲ್ಲಿ ಪ್ರಕಟಿಸಿದ 'ಅಮೆರಿಕನ್ ಫೋಕ್ ಸಾಂಗ್ಸ್ ಫಾರ್ ಚಿಲ್ಡ್ರನ್'. ಆಕೆ ಪಂಡಿತವರ್ಗದ ಸಂಗೀತ ರಚಯಿತ್ರಿ. ವಾಷಿಂಗ್ಟನ್ ಸಮೀಪದ ಶಿಶುವಿಹಾರವೊಂದರಲ್ಲಿ ಮಕ್ಕಳೊಡನೆ ಹಾಡಿ ನೋಡಿ ಹಾಡುಗಳನ್ನು ಆರಿಸಿದರು. ಬಿಳಿಯರ ಹಾಡೂ ಕರಿಯರ ಹಾಡೂ ಅದರಲ್ಲಿ ಯಾವ ಭೇದವೂ ಇಲ್ಲದೆ ಅಕ್ಕಪಕ್ಕದಲ್ಲಿವೆ. ಹಾಡು ಯಾವ ಸೀಮೆಯಿಂದ ಬಂತೆಂಬುದನ್ನು ಬರೆದಿದ್ದಾರೆ. ಧಾಟಿಯ ಒರಟನ್ನು ನಯಗೊಳಿಸಿಲ್ಲ. ಇಷ್ಟು ಸೂಕ್ಷ್ಮವಾದ ಕಿವಿಯಿದ್ದ ಆ ಮನೆಯಲ್ಲಿಯೇ ಎಲಿಜಬೆತ್ ಕಾಟನ್ ಎಂಬ ಕರಿಯ ಹೆಂಗಸು ಅಡಿಗೆ ಮತ್ತು ಮನೆಗೆಲಸಕ್ಕಿದ್ದಳು. ಅಂಗಡಿಯೊಂದರ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿದ್ದ ಮಗಳು ಪೆಗಿಯನ್ನು ತಾಯಿಗೆ ಒಪ್ಪಿಸಿದವಳು ಈಕೆ. ಆ ಪರಿಚಯದಿಂದಲೇ ಕೆಲಸ ಸಿಕ್ಕಿತು. ಉತ್ತರ ಕ್ಯಾರೊಲೈನಾದ ಕಾರ್ಬರೋ ಊರಿನಲ್ಲಿ ರೈಲುದಾರಿಯ ಹತ್ತಿರ ಬೆಳೆದ ಕಾಟನ್, ಬಾಲ್ಯದಲ್ಲಿಯೇ ಮನೆಗೆಲಸಕ್ಕೆ ಸೇರಿ, ಸಂಬಳ ಕೂಡಿಸಿ ಗಿಟಾರ್ ಕೊಂಡು, ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ 'ಫ್ರೈಟ್ ಟ್ರೇನ್' ಎಂಬ ಹಾಡನ್ನು ಕಟ್ಟಿದ್ದಳು. ಮುಂದೆ ಲೌಕಿಕ ಹಾಡು ಸಲ್ಲದೆಂದು ಚರ್ಚಿನವರು ಹೇಳಿದ್ದರಿಂದ ಗಿಟಾರನ್ನು ಬಿಟ್ಟು ಹಲವು ದಶಕಗಳಾಗಿದ್ದವು. ಅವಳಿಗೆ ಸಂಗೀತ ಬರುವುದೆಂದು ಸೀಗರ್ ಮನೆಯವರಿಗೆ ಬಹಳ ಕಾಲ ತಿಳಿಯಲೇ ಇಲ್ಲ. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಅವಳು ಒಂದು ದಿನ ಕೈಗೆ ತೆಗೆದುಕೊಂಡ ಮೇಲೆ ತಿಳಿಯಿತು.

ಮುಂದಿನ ಸಂಗತಿ ಅಷ್ಟೇ ಮುಖ್ಯ. ಪೆಗಿ ಸೀಗರ್ ಆ ಹಾಡನ್ನು ಇಂಗ್ಲೆಂಡಿಗೆ ಕೊಂಡೊಯ್ದು ಹಾಡಿದಾಗ ಅಲ್ಲಿನ ಕೆಲವರು ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡರು. 1957ರಲ್ಲಿ ಅದರ ತಟ್ಟೆ ಅಲ್ಲಿ ಚೆನ್ನಾಗಿ ಮಾರಾಟವಾಯಿತು. ಕಾಟನ್ನಳಿಗೆ ಅವಳ ಹಾಡಿನ ಹಕ್ಕನ್ನು ದೊರಕಿಸುವುದಕ್ಕೆ ವ್ಯಾಜ್ಯವೇ ಬೇಕಾಯಿತು. ಇಂದು ಅಮೆರಿಕೆಯ ಶಾಲೆಗಳ ಹಾಡಿನ ಪುಸ್ತಕಗಳಲ್ಲಿ ಈ ಹಾಡು ಸಾಮಾನ್ಯವಾಗಿದೆ. ಮಗುವೊಂದು ಕಟ್ಟಿದ ಹಾಡೆಂದು ತಿಳಿದರೆ ಮಕ್ಕಳಿಗೆ ಅದರ ಮೇಲೆ ಇನ್ನಷ್ಟು ಪ್ರೀತಿ ಹುಟ್ಟುವುದು ಖಂಡಿತ. ಹೆಸರಿನ ಜೊತೆಗೆ ಈ ಎರಡು ವಾಕ್ಯಗಳನ್ನು ಅಚ್ಚು ಮಾಡುವುದಕ್ಕೆ ಹೆಚ್ಚು ಸ್ಥಳ ಹಿಡಿಯುವುದಿಲ್ಲ. ಗಿಟಾರ್ ಕಲಿಯುವವರ ಕೈಪಿಡಿಗಳಲ್ಲಿ ಇನ್ನೊಂದು ಲೋಪವುಂಟು. ಕಾಟನ್ ಎಡಗೈಯವಳು. ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ಹಾಡಿನ ಧಾಟಿಯನ್ನೂ ನುಡಿಸುತ್ತಿದ್ದಳು. ಕೈಪಿಡಿಗಳು ಇದನ್ನು ಬಲಗೈಗೆ ತಿರುಗಿಸಿ, ಹೆಬ್ಬೆರಳಿಗೆ ಮಂದ್ರ ಬೆರಳುಗಳಿಗೆ ಧಾಟಿ ಎಂದು ಬರೆಯುತ್ತವೆ. ಅವಳ ಕೈ ನಿಜವಾಗಿ ಹೇಗೆ ಆಡುತ್ತಿತ್ತೆಂಬುದನ್ನು ನೋಡಬೇಕಾದರೆ 1960ರ ದಶಕದಲ್ಲಿ ಪೀಟ್ ಸೀಗರನ 'ರೇನ್‌ಬೋ ಕ್ವೆಸ್ಟ್' ಕಾರ್ಯಕ್ರಮದಲ್ಲಿ ತೆಗೆದ ಚಿತ್ರವನ್ನು ಮಕ್ಕಳ ಮುಂದೆ ಇಡಬೇಕು.